ಮುಯ್ಯಿಗೆ ಮುಯ್ಯಿ ಸಬ್‌ಸ್ಕ್ರೈಬ್

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಯೂಟ್ಯೂಬ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಶುರು ಮಾಡಿದ್ದೇವೆ, ಜನ ಬರುತ್ತಿಲ್ಲ, ಏನು ಮಾಡೋಣ? ಹೊಸಬರಿಗೆ ನನ್ನ ಪರಿಚಯ: ಹಾಸನದಲ್ಲಿ ಟೈಲರಿಂಗ್ ಅಂಗಡಿ ಇದೆ, ಬ್ಲೌಸ್ ಕಟಿಂಗ್ ವಿಡಿಯೊ ಮಾಡುತ್ತೇನೆ. ಕಂಪ್ಯೂಟರ್ ಓದಿದವಳಲ್ಲ. ಅಂಗಡಿಯಲ್ಲಿ ಕಲಿತದ್ದು, ವಿಡಿಯೊ ಹಾಕುತ್ತಾ ಕಲಿತದ್ದು, ಇವೆರಡೇ ನನ್ನ ಬಂಡವಾಳ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಹೋಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಅಕ್ಕ, ನಾನು ಸೀರೆಗೆ ಕುಚ್ಚು ಕಟ್ಟುತ್ತೇನೆ. ಎಂಟು ತಿಂಗಳಿಂದ ಯೂಟ್ಯೂಬ್‌ಗೆ ವಿಡಿಯೊ ಹಾಕುತ್ತಿದ್ದೇನೆ. ಸಬ್‌ಸ್ಕ್ರೈಬರ್ಸ್ 212. ಅದರಲ್ಲಿ ಅರ್ಧ ನೆಂಟರೇ! ಈಗ ಯಾರೋ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದಾರೆ. ಅಲ್ಲಿ ಒಬ್ಬರ ಚಾನೆಲನ್ನು ಇನ್ನೊಬ್ಬರು ಸಬ್‌ಸ್ಕ್ರೈಬ್ ಮಾಡಬೇಕಂತೆ, ಒಂದೇ ತಿಂಗಳಲ್ಲಿ ಸಾವಿರ ಆಗುತ್ತದಂತೆ. ಅಲ್ಲೇ ಇರಲಾ? ಮನೆಯಲ್ಲಂತೂ ಸುಮ್ನೆ ಟೈಮ್ ವೇಸ್ಟ್ ಅಂತಾರೆ.
ಗೃಹಿಣಿ, ದಾವಣಗೆರೆ

ಬೇಡ ತಂಗಿ. ಇವತ್ತೇ ಆ ಗ್ರೂಪಿನಿಂದ ಹೊರಗೆ ಬನ್ನಿ.

ಅದು ಮದುವೆ ಮನೆಯ ಮುಯ್ಯಿ ಇದ್ದ ಹಾಗೆ. ನೀವು ಅವರಿಗೆ ಮಾಡಿದಿರಿ, ಅವರು ನಿಮಗೆ ಮಾಡಿದರು, ಲೆಕ್ಕ ಚುಕ್ತಾ. ಆ ಗ್ರೂಪಿನಲ್ಲಿ ಒಬ್ಬರದು ಕೋಳಿ ಸಾಕಣೆ ಚಾನೆಲ್ ಇರುತ್ತದೆ, ಇನ್ನೊಬ್ಬರದು ಪರೀಕ್ಷೆ ಕೋಚಿಂಗ್. ಅವರಿಗೆ ನಿಮ್ಮ ಕುಚ್ಚು ಯಾಕೆ ಬೇಕು? ವಿಡಿಯೊ ಕಣ್ಣಿಗೆ ಬಿದ್ದರೂ ಒತ್ತುವುದಿಲ್ಲ. ಒತ್ತಿದರೂ ಹತ್ತು ಸೆಕೆಂಡಿಗೆ ಎದ್ದು ಹೋಗುತ್ತಾರೆ. ಯೂಟ್ಯೂಬ್ ಗಮನಿಸುವುದು ಅದನ್ನೇ. ತೋರಿಸಿದಾಗ ಒತ್ತಿದರಾ, ಒತ್ತಿದವರು ಎಷ್ಟು ಹೊತ್ತು ನೋಡಿದರು ಅಂತ. ನಿಮ್ಮವರು ಅನ್ನಿಸಿಕೊಂಡವರೇ ಎದ್ದು ಹೋದರೆ ಬೇರೆಯವರಿಗೆ ಅದು ಯಾಕೆ ತೋರಿಸುತ್ತದೆ ಹೇಳಿ?

ಇನ್ನೊಂದು ವಿಷಯ. 'ನೀನು ಮಾಡಿದರೆ ನಾನೂ ಮಾಡ್ತೀನಿ' ಅನ್ನುವ ಈ ಕೊಡುಕೊಳ್ಳುವಿಕೆಯನ್ನು ಯೂಟ್ಯೂಬ್ ನಿಯಮದಲ್ಲಿ ಹೆಸರಿಟ್ಟೇ ಬೇಡ ಅಂದಿದ್ದಾರೆ. ಅಂಥ ಸಬ್‌ಸ್ಕ್ರೈಬರ್‌ಗಳನ್ನು ತೆಗೆದುಹಾಕುತ್ತಾರೆ, ಚಾನೆಲ್‌ಗೆ ಸ್ಟ್ರೈಕ್, ಅಂದರೆ ನಿಯಮ ಮುರಿದದ್ದಕ್ಕೆ ದಂಡನೆ ಕೂಡ ಬೀಳಬಹುದು.

ಪತ್ರದ ಜೊತೆ ಚಾನೆಲ್ ಹೆಸರನ್ನೂ ಕಳಿಸಿದ್ದೀರಿ. ಕೂತು ನೋಡಿದೆ. ಕೈ ತುಂಬ ಚೆನ್ನಾಗಿದೆ. ಒಂದು ಗಂಟಿಗೂ ಇನ್ನೊಂದು ಗಂಟಿಗೂ ನಡುವೆ ಅಂತರ ಅಳತೆ ಹಿಡಿದ ಹಾಗೆ ಬಂದಿದೆ. ಮುಖ ತೋರಿಸದೆ ಬರೀ ಕೈ ತೋರಿಸಿದ್ದೀರಿ. ಕುಚ್ಚಿಗೆ ಅದೇ ಸರಿ. ಕೆಲಸದಲ್ಲಿ ಏನೂ ಕೊರತೆ ಇಲ್ಲ. ಕೊರತೆ ಇರುವುದು ಬೇರೆ ಕಡೆ.

ಮೊದಲನೆಯದು, ನಿಮ್ಮ ಹೆಡ್ಡಿಂಗ್. 'ಕುಚ್ಚು ಡಿಸೈನ್ ಭಾಗ 23'. ಭಾಗ 23 ಅಂತ ಟೈಪ್ ಮಾಡಿ ಹುಡುಕುವವರು ಯಾರು? ಕೈಯಲ್ಲಿ ಸೀರೆ ಹಿಡಿದು ಕೂತವಳ ತಲೆಯಲ್ಲಿ ಇರುವುದು 'ಸೆರಗಿನಲ್ಲಿ ದಾರ ಬಿಟ್ಟಿಲ್ಲ, ಈಗ ಏನು ಮಾಡಲಿ' ಅನ್ನುವ ಪ್ರಶ್ನೆ. ಅದನ್ನೇ ಹೆಡ್ಡಿಂಗ್ ಮಾಡಿ. ಯೂಟ್ಯೂಬ್‌ನ ಹುಡುಕುವ ಜಾಗದಲ್ಲಿ 'ಸೀರೆ ಕುಚ್ಚು' ಅಂತ ಬರೆದು ಸುಮ್ಮನೆ ಬಿಡಿ. ಕೆಳಗೆ ಸಾಲುಸಾಲಾಗಿ ಬರುತ್ತದಲ್ಲ, ಅವು ಜನ ನಿಜವಾಗಿ ಹುಡುಕುತ್ತಿರುವ ಮಾತುಗಳು. ಕನ್ನಡ ಅಕ್ಷರದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಹಾಕಿ ನೋಡಿ. ನಮ್ಮಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುವವರು ಬಹಳ. ಹಾಗಾಗಿ ಹೆಡ್ಡಿಂಗಿನಲ್ಲಿ ಎರಡೂ ಇರಲಿ.

ಎರಡನೆಯದು, ಶುರು. ಲೋಗೋ ತಿರುಗುತ್ತದೆ, ಮ್ಯೂಸಿಕ್ ಬರುತ್ತದೆ, ಆಮೇಲೆ 'ಎಲ್ಲರಿಗೂ ನಮಸ್ಕಾರ, ಹೇಗಿದ್ದೀರಾ, ಲೈಕ್ ಮಾಡಿ, ಬೆಲ್ ಒತ್ತಿ'. ಸೂಜಿ ಕಾಣುವ ಹೊತ್ತಿಗೆ ಮುಕ್ಕಾಲು ನಿಮಿಷ ಹೋಗಿರುತ್ತದೆ. ಫೋನಿನಲ್ಲಿ ಯೂಟ್ಯೂಬ್ ಸ್ಟುಡಿಯೊ ಆ್ಯಪ್ ಹಾಕಿಕೊಳ್ಳಿ, ಅದು ಉಚಿತ. ಯಾವುದಾದರೂ ಒಂದು ವಿಡಿಯೊ ತೆರೆದರೆ, ಯಾವ ಸೆಕೆಂಡಿನಲ್ಲಿ ಎಷ್ಟು ಜನ ಉಳಿದಿದ್ದರು ಅನ್ನುವ ಗೆರೆ ಕಾಣುತ್ತದೆ. ಮೂವತ್ತನೇ ಸೆಕೆಂಡಿನಲ್ಲಿ ಎಷ್ಟು ಮಂದಿ ಉಳಿದರು ಅಂತಲೂ ಹೇಳುತ್ತದೆ. ನಿಮ್ಮ ಗೆರೆ ಬೆಲ್ ಒತ್ತಿ ಅನ್ನುವಷ್ಟರಲ್ಲೇ ಬಿದ್ದಿರುತ್ತದೆ, ಬೇಕಾದರೆ ನೋಡಿ. ಮುಗಿದ ಕುಚ್ಚನ್ನು ಮೊದಲೇ ತೋರಿಸಿ, 'ಇದನ್ನ ದಾರ ಬಿಡದ ಸೆರಗಿಗೂ ಕಟ್ಟಬಹುದು, ನೋಡಿ' ಅಂತ ನೇರ ಕೆಲಸಕ್ಕೆ ಇಳಿಯಿರಿ.

ಅದೇ ಆ್ಯಪ್‌ನಲ್ಲಿ, ನಿಮ್ಮ ವಿಡಿಯೊದ ಚಿತ್ರ ಎಷ್ಟು ಸಲ ಜನರ ಕಣ್ಣಿಗೆ ಬಿತ್ತು, ಅದರಲ್ಲಿ ನೂರಕ್ಕೆ ಎಷ್ಟು ಸಲ ಒತ್ತಿದರು ಅನ್ನುವುದೂ ಇದೆ. ಯೂಟ್ಯೂಬ್‌ನವರೇ ಹೇಳಿರುವ ಪ್ರಕಾರ ಅರ್ಧದಷ್ಟು ಚಾನೆಲ್‌ಗಳಲ್ಲಿ ಇದು ನೂರಕ್ಕೆ 2ರಿಂದ 10ರ ಒಳಗೆ ಇರುತ್ತದೆ. ನಿಮ್ಮದು ಮೂರೋ ನಾಲ್ಕೋ ಇದ್ದರೆ ಗಾಬರಿ ಬೀಳಬೇಡಿ.

ಮೂರನೆಯದನ್ನು ಹೇಳಿದರೆ ಕೋಪ ಮಾಡಿಕೊಳ್ಳುತ್ತೀರೋ ಏನೋ. ಸೋಮವಾರ ಕುಚ್ಚು, ಬುಧವಾರ ಒಬ್ಬಟ್ಟು, ಭಾನುವಾರ ಧರ್ಮಸ್ಥಳದ ಟ್ರಿಪ್. ಕುಚ್ಚಿಗೆ ಬಂದವರಿಗೆ ಒಬ್ಬಟ್ಟು ಸಿಕ್ಕರೆ ನೋಡುವುದಿಲ್ಲ, ಮತ್ತೆ ಬರುವ ಅಭ್ಯಾಸವೂ ತಪ್ಪುತ್ತದೆ. ಟ್ರಿಪ್ ವಿಡಿಯೊ ನೆಂಟರಿಗೆ, ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ. ನೆಂಟರು ಸಬ್‌ಸ್ಕ್ರೈಬ್ ಮಾಡಿದ್ದು ಪ್ರೀತಿಗೆ, ಅದು ಇರಲಿ. ಆದರೆ ಪ್ರತಿ ವಿಡಿಯೊ ಲಿಂಕನ್ನೂ ಅವರಿಗೆ ಕಳಿಸಿ 'ನೋಡಿದ್ರಾ' ಅಂತ ಕೇಳುವುದು ಬಿಡಿ. ಪಾಪ, ಅವರೂ ಎಷ್ಟು ಸಲ ಸುಳ್ಳು ಹೇಳುತ್ತಾರೆ!

ಈಗ ನನಗೆ ಬಹಳ ಮುಖ್ಯ ಅನ್ನಿಸಿದ್ದು. ನಿಮ್ಮ ಒಂದು ವಿಡಿಯೊ ಕೆಳಗೆ ಯಾರೋ ಕೇಳಿದ್ದಾರೆ: 'ಬಾರ್ಡರ್ ಹತ್ರ ಕುಚ್ಚು ದಪ್ಪ, ನಡುವೆ ಸಣ್ಣ ಆಗ್ತಿದೆ, ಯಾಕೆ?' ನೀವು ಕೈ ಮುಗಿಯುವ ಇಮೋಜಿ ಹಾಕಿ ಬಿಟ್ಟಿದ್ದೀರಿ. ಅಯ್ಯೋ, ಅದೇ ನಿಮ್ಮ ಮುಂದಿನ ವಿಡಿಯೊ! ಒಂದೊಂದು ಗಂಟಿಗೂ ಎಷ್ಟು ಎಳೆ ಎಣಿಸಬೇಕು, ಜರಿ ಬಾರ್ಡರ್ ಬಂದಾಗ ಎಳೆ ಎಷ್ಟು ಕಡಿಮೆ ಮಾಡಬೇಕು ಅಂತ ಐದು ನಿಮಿಷ ತೋರಿಸಿ. ಮಾಡಿ ಹಾಕಿದ ಮೇಲೆ ಆ ಕಮೆಂಟಿಗೇ ವಾಪಸ್ ಹೋಗಿ 'ನಿಮ್ಮ ಪ್ರಶ್ನೆಗೇ ಮಾಡಿದ್ದೀನಿ ಅಕ್ಕ' ಅಂತ ಬರೆಯಿರಿ. ಆಕೆ ಮತ್ತೆ ಬರುತ್ತಾಳೆ, ಬರುವಾಗ ಇನ್ನೊಂದು ಪ್ರಶ್ನೆ ತರುತ್ತಾಳೆ. ನನ್ನ ಚಾನೆಲ್ ಬೆಳೆದದ್ದು ಹೀಗೆ. 'ತೋಳು ಎತ್ತಿದರೆ ಬ್ಲೌಸ್ ಮೇಲೆ ಹೋಗುತ್ತೆ' ಅಂತ ಅಂಗಡಿಗೆ ಬಂದವರು ದಿನಾ ದೂರುತ್ತಿದ್ದರು. ಅದಕ್ಕೆ ಆರ್ಮ್‌ಹೋಲ್, ಅಂದರೆ ತೋಳು ಕೂರಿಸುವ ಜಾಗ ಸರಿ ಮಾಡುವುದನ್ನು ತೋರಿಸಿದ ವಿಡಿಯೊವನ್ನು ಜನ ಇವತ್ತಿಗೂ ಹುಡುಕಿಕೊಂಡು ಬರುತ್ತಾರೆ. ಬಹಳ ಅಲಂಕಾರ ಮಾಡಿ ತೆಗೆದ ಡಿಸೈನರ್ ಬ್ಲೌಸ್ ವಿಡಿಯೊಗೆ ಒಂದು ವಾರ ಜನ ಬಂದರು, ಅಷ್ಟೇ.

ಕಾಲವನ್ನೂ ನೋಡಿಕೊಳ್ಳಿ. ಆಷಾಢದ ಡಿಸ್ಕೌಂಟಿನಲ್ಲಿ ಸೀರೆ ತಂದವರು ವರಮಹಾಲಕ್ಷ್ಮಿಗೆ ಉಡಬೇಕು ಅಂತ ಇಟ್ಟಿರುತ್ತಾರೆ. ಕುಚ್ಚು ಹುಡುಕುವುದು ಆಗಲೇ. ಹಬ್ಬದ ಹಿಂದಿನ ದಿನ ವಿಡಿಯೊ ಹಾಕಿದರೆ ಯಾರಿಗೆ ಉಪಯೋಗ? ಆಷಾಢ ಶುರುವಾಗುವ ಹೊತ್ತಿಗೆ ಹಾಕಿಬಿಡಿ.

ಮನೆಯವರ ಮಾತಿಗೆ ಉತ್ತರ: ಪ್ರತಿ ವಿಡಿಯೊ ಕೆಳಗೆ 'ದಾವಣಗೆರೆಯಲ್ಲಿ ಕುಚ್ಚು ಆರ್ಡರ್ ತೆಗೆದುಕೊಳ್ಳುತ್ತೇನೆ' ಅಂತ ಬರೆಯಿರಿ. ಊರಿನ ಹೆಸರು ಇರಲಿ, ಮನೆ ವಿಳಾಸ ಬೇಡ. ಫೋನ್ ನಂಬರ್ ಕೊಡುವುದಾದರೆ ಬೇರೆ ಸಿಮ್‌ನಲ್ಲಿ ವಾಟ್ಸಾಪ್ ಬಿಸಿನೆಸ್ ಮಾಡಿಕೊಳ್ಳಿ. ವಿಡಿಯೊ ನೋಡಿ ತಿಂಗಳಿಗೆ ನಾಲ್ಕು ಸೀರೆ ಬಂದರೂ, ಚಿಕ್ಕ ಚಾನೆಲ್‌ಗೆ ಜಾಹೀರಾತಿನಿಂದ ಬರುವುದಕ್ಕಿಂತ ಅದು ಜಾಸ್ತಿ.

ಮನೆಯಲ್ಲೇ ಕೇಕ್ ಮಾಡಿ ಮಾರುತ್ತೇನೆ. ಇನ್‌ಸ್ಟಾಗ್ರಾಂಗೆ ಹತ್ತು ಸಾವಿರ ಫಾಲೋವರ್ಸ್ ಕೊಡಿಸುತ್ತೇವೆ ಅಂತ ಒಬ್ಬರು ದುಡ್ಡು ಕೇಳುತ್ತಿದ್ದಾರೆ. ದೊಡ್ಡ ನಂಬರ್ ಕಂಡರೆ ಜನ ನಂಬುತ್ತಾರೆ ಅಲ್ವಾ ಮೇಡಂ?
ಮೈಸೂರು

ನಿಮ್ಮ ಕೇಕ್ ಸ್ಕೂಟರ್‌ನಲ್ಲಿ ಹೋಗುವಷ್ಟು ದೂರ ಮಾತ್ರ ಹೋಗುತ್ತದೆ. ಎಲ್ಲೋ ಇರುವ ಸುಳ್ಳು ಖಾತೆಗಳು ಬರ್ತ್‌ಡೇ ಮಾಡಿಕೊಳ್ಳುವುದಿಲ್ಲ. 2014ರ ಡಿಸೆಂಬರ್‌ನಲ್ಲಿ ಇನ್‌ಸ್ಟಾಗ್ರಾಂ ಸುಳ್ಳು ಖಾತೆಗಳನ್ನು ಒಟ್ಟಿಗೆ ಅಳಿಸಿತು. ಆಗ ಇನ್‌ಸ್ಟಾಗ್ರಾಂನ ಸ್ವಂತ ಖಾತೆಯಿಂದಲೇ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಫಾಲೋವರ್‌ಗಳು ಮಾಯವಾದರು. ದೊಡ್ಡವರ ಕಥೆಯೇ ಹೀಗಾದರೆ ನೀವು ದುಡ್ಡು ಕೊಟ್ಟು ತಂದದ್ದು ಎಷ್ಟು ದಿನ ಇರುತ್ತದೆ? ಅವರು ಪಾಸ್‌ವರ್ಡ್ ಕೇಳಿದರಂತೂ ಮಾತೇ ಬೇಡ, ನಂಬರ್ ಬ್ಲಾಕ್ ಮಾಡಿ.

ಕೇಕ್ ಕೊಟ್ಟವರ ಹತ್ತಿರ ಒಂದು ಫೋಟೊ ಕೇಳಿ, ಅವರು ಹಾಕಿದಾಗ ನಿಮ್ಮ ಖಾತೆಯನ್ನು ಟ್ಯಾಗ್ ಮಾಡಲಿ. ನಿಮ್ಮ ಹೆಸರಿನ ಸಾಲಿನಲ್ಲಿ 'ಎಗ್‌ಲೆಸ್ ಕೇಕ್ ಮೈಸೂರು' ಅಂತ ಸೇರಿಸಿ, ಹುಡುಕಿದಾಗ ಸಿಗುತ್ತೀರಿ. ರೀಲ್ಸ್‌ಗೆ ಮೈಸೂರಿನ ಲೊಕೇಶನ್ ಹಾಕುವುದು ಮರೆಯಬೇಡಿ. ಮುನ್ನೂರು ಫಾಲೋವರ್ಸ್, ಎಲ್ಲರೂ ಮೈಸೂರಿನವರು, ನಿಮಗೆ ಸಾಕಷ್ಟಾಯಿತು.

ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ. ಫೇಸ್‌ಬುಕ್‌ನಲ್ಲಿ ಒಂದು ಪೇಜ್ ಮಾಡಿ ಪಿಂಚಣಿದಾರರಿಗೆ ಉಪಯುಕ್ತ ವಿಷಯ ಬರೆಯುತ್ತೇನೆ. ಲೈಕ್ ಒಂದು ಡಜನ್ ದಾಟುವುದಿಲ್ಲ. ಈಗಿನವರಿಗೆ ಓದುವ ಅಭ್ಯಾಸವೇ ಹೋಗಿದೆಯೇ?
ಶಿವಮೊಗ್ಗ

ಇಲ್ಲ ಸರ್, ಓದುತ್ತಾರೆ. ನಿಮ್ಮದು ಅವರ ಕಣ್ಣಿಗೆ ಬೀಳುತ್ತಿಲ್ಲ. 2018ರ ಜನವರಿಯಲ್ಲೇ ಫೇಸ್‌ಬುಕ್ ಹೇಳಿದೆ, ಪೇಜ್‌ಗಳ ಪೋಸ್ಟ್‌ಗಿಂತ ಮನೆಯವರು, ಸ್ನೇಹಿತರು ಮಾತಾಡಿಕೊಳ್ಳುವ ಪೋಸ್ಟ್‌ಗಳನ್ನು ಮುಂದೆ ತರುತ್ತೇವೆ ಅಂತ. ಹೊಸ ಪೇಜ್‌ಗೆ ಅಲ್ಲಿ ಜಾಗ ಕಡಿಮೆ. ನಿವೃತ್ತರು ಈಗಾಗಲೇ ಸೇರಿರುವ ಗುಂಪುಗಳಿಗೆ ನೀವು ಹೋಗಿ. ಹೋದ ತಕ್ಷಣ 'ನನ್ನ ಪೇಜ್ ಲೈಕ್ ಮಾಡಿ' ಅನ್ನಬೇಡಿ. ಯಾರಾದರೂ ಏನಾದರೂ ಕೇಳಿದಾಗ ಪೂರ್ತಿ ಉತ್ತರ ಅಲ್ಲೇ ಬರೆಯಿರಿ. ಹೀಗೆ ಸ್ವಲ್ಪ ದಿನ ಆದಮೇಲೆ ಅವರೇ ನಿಮ್ಮ ಹೆಸರು ಒತ್ತಿ ಹುಡುಕುತ್ತಾರೆ.

ಬದುಕಿದ್ದೇವೆ ಅಂತ ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣ ಪತ್ರದ ಬಗ್ಗೆ ನೀವು ಬರೆದ ಲೇಖನ ಓದಿದೆ, ಬಹಳ ಸ್ಪಷ್ಟವಾಗಿದೆ. ಆದರೆ ಅದನ್ನು ಹಾಕಿದ್ದು ಫೆಬ್ರವರಿಯಲ್ಲಿ! ಕೇಂದ್ರ ಸರ್ಕಾರದ ಪಿಂಚಣಿಯವರು ಅದನ್ನು ಕೊಡುವುದು ನವೆಂಬರ್‌ನಲ್ಲಿ, 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು ಅಂತ ನೀವೇ ಬರೆದಿದ್ದೀರಿ. ಅದೇ ಲೇಖನವನ್ನು ಸೆಪ್ಟೆಂಬರ್ ಕೊನೆಗೆ ಮತ್ತೆ ಹಾಕಿ. ಬೆರಳಚ್ಚು ಹತ್ತದವರು ಫೋನಿನಲ್ಲಿ ಮುಖ ತೋರಿಸಿ ಮಾಡುವುದನ್ನು ನಾಲ್ಕು ಫೋಟೊ ಹಾಕಿ ವಿವರಿಸಿ. ಜನ ಅದನ್ನು ಅಪ್ಪ ಅಮ್ಮನಿಗೆ ವಾಟ್ಸಾಪ್ ಮಾಡುತ್ತಾರೆ. ಹಾಗಾಗಿ ಫೋಟೊದ ಮೂಲೆಯಲ್ಲಿ ಪೇಜ್ ಹೆಸರು ಇರಲಿ. ಇನ್ನು ನಿಮ್ಮ ದಿನದ ಶುಭೋದಯ ಚಿತ್ರಗಳು. ದಯವಿಟ್ಟು ನಿಲ್ಲಿಸಿ ಸರ್.

ನಂದು ಬೈಕ್ ರಿಪೇರಿ ಚಾನೆಲ್ ರೀ. ನಮ್ಮ ಕಡೆ ಮಾತು ಕೇಳಿ ಬೆಂಗಳೂರಿನವರು ಕಮೆಂಟಿನಲ್ಲಿ ನಗ್ತಾರೆ. ಹಿಂದಿಯಲ್ಲಿ ಮಾಡಿದ್ರ ಜಾಸ್ತಿ ಮಂದಿ ನೋಡ್ತಾರೇನು?
ಹುಬ್ಬಳ್ಳಿ

ಹಿಂದಿಯಲ್ಲಿ ನೋಡುವವರು ಜಾಸ್ತಿ, ಬೈಕ್ ಬಿಚ್ಚಿ ತೋರಿಸುವವರೂ ಅಷ್ಟೇ ಜಾಸ್ತಿ. ಆ ಸಂತೆಯಲ್ಲಿ ನಿಮ್ಮ ದನಿ ಯಾರಿಗೆ ಕೇಳುತ್ತದೆ? 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂದವರೇ 4 ಕೋಟಿ 37 ಲಕ್ಷ. ಇಷ್ಟು ಮಂದಿಯಲ್ಲಿ ಬೈಕ್ ಕೆಟ್ಟು ನಿಂತವರು ನಿಮಗೆ ಸಾಲುವುದಿಲ್ಲವೇ? ದೇಶ ಸುತ್ತಿ ಕನ್ನಡದಲ್ಲಿ ವಿಡಿಯೊ ಮಾಡುವ ಡಾ. ಬ್ರೋ ಯಾವ ದೇಶಕ್ಕೆ ಹೋದರೂ 'ನಮಸ್ಕಾರ ದೇವ್ರು' ಅಂತಲೇ ಶುರು ಮಾಡುತ್ತಾರೆ, ಜನ ಅದಕ್ಕೇ ಕಾಯುತ್ತಾರೆ. ನೀವು ಗ್ಯಾರೇಜಿನಲ್ಲಿ ಹುಡುಗರಿಗೆ ಹೇಗೆ ಹೇಳುತ್ತೀರೋ ಹಾಗೇ ಹೇಳಿ. ಕ್ಲಚ್ ಪ್ಲೇಟಿಗೆ ಕ್ಲಚ್ ಪ್ಲೇಟ್ ಅನ್ನಿ. ನಗುವವರು ನಗಲಿ ಬಿಡ್ರಿ, ಅವರೂ ಪೂರ್ತಿ ನೋಡಿಯೇ ನಗುತ್ತಿದ್ದಾರೆ.

ಯೂಟ್ಯೂಬ್‌ನಿಂದ ದುಡ್ಡು ಯಾವಾಗ ಬರಲು ಶುರುವಾಗುತ್ತದೆ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
ತುಮಕೂರು, ಚಿಕ್ಕಮಗಳೂರು, ವಿಜಯಪುರ, ಇನ್ನೂ ಹಲವರು

ಜಾಹೀರಾತಿನ ಪಾಲು ಬೇಕಾದರೆ 1,000 ಸಬ್‌ಸ್ಕ್ರೈಬರ್ಸ್ ಇರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ನಿಮ್ಮ ವಿಡಿಯೊಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ (ಪುಟ್ಟ ಉದ್ದುದ್ದ ವಿಡಿಯೊಗಳಿಗೆ) 1 ಕೋಟಿ ವೀಕ್ಷಣೆ ಬರಬೇಕು. ಶಾರ್ಟ್ಸ್ ಸಾಲಿನಲ್ಲಿ ನೋಡಿದ ಹೊತ್ತು ಆ 4,000 ಗಂಟೆಗೆ ಸೇರುವುದಿಲ್ಲ. ಬಹಳ ಮಂದಿ ಎಡವುವುದು ಇಲ್ಲೇ. ಯೂಟ್ಯೂಬ್‌ನ ಪಾಲುದಾರರ ಕಾರ್ಯಕ್ರಮಕ್ಕೆ ಸೇರಿದ ಮೇಲೆ ದೊಡ್ಡ ವಿಡಿಯೊದ ಜಾಹೀರಾತಿನಲ್ಲಿ ನಿಮಗೆ ನೂರಕ್ಕೆ 55, ಶಾರ್ಟ್ಸ್‌ನಲ್ಲಿ ನಿಮ್ಮ ಲೆಕ್ಕಕ್ಕೆ ಬಂದದ್ದರಲ್ಲಿ ನೂರಕ್ಕೆ 45. ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಖಚಿತ ಮಾಡಲು ಅಂಚೆಯಲ್ಲಿ ಪಿನ್ ಬರುತ್ತದೆ. ಪೋಸ್ಟ್‌ಮ್ಯಾನ್‌ಗೆ ಮೊದಲೇ ಹೇಳಿಡಿ. 100 ಡಾಲರ್ ಆಗುವ ತನಕ ಬ್ಯಾಂಕಿಗೆ ಬರುವುದಿಲ್ಲ. ಹೊಲಿಗೆ ಬಿಟ್ಟು ಇದನ್ನೇ ನಂಬಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ನಾನೂ ಬಿಟ್ಟಿಲ್ಲ.

ಅಕ್ಕ, ನಾನು ಕಾಲೇಜು ಹುಡುಗಿ. ಭಾವಗೀತೆ ಹಾಡಿ ಹಾಕುತ್ತೇನೆ. ಒಬ್ಬ ದಿನಾ ಕೆಟ್ಟದಾಗಿ ಕಮೆಂಟ್ ಮಾಡುತ್ತಾನೆ. ಚಾನೆಲ್ ಮುಚ್ಚಿಬಿಡಲಾ?
ಮಂಡ್ಯ

ಮುಚ್ಚಬೇಡ ಪುಟ್ಟಿ. ಉತ್ತರವನ್ನೂ ಕೊಡಬೇಡ. ಮೊದಲು ಅವನ ಕಮೆಂಟುಗಳ ಸ್ಕ್ರೀನ್‌ಶಾಟ್ ತೆಗೆದಿಡು. ಆಮೇಲೆ ಕಮೆಂಟ್ ಪಕ್ಕದ ಮೂರು ಚುಕ್ಕಿ ಒತ್ತಿ 'ಚಾನೆಲ್‌ನಿಂದ ಈ ಬಳಕೆದಾರನನ್ನು ಮರೆಮಾಡು' ಅನ್ನುವುದನ್ನು ಆರಿಸು. ಅವನು ಬರೆಯುತ್ತಲೇ ಇರುತ್ತಾನೆ, ಆದರೆ ಬೇರೆ ಯಾರಿಗೂ ಕಾಣುವುದಿಲ್ಲ, ಅವನಿಗೆ ಗೊತ್ತೂ ಆಗುವುದಿಲ್ಲ. ಸ್ಟುಡಿಯೊ ಸೆಟ್ಟಿಂಗ್‌ನಲ್ಲಿ ಬೇಡದ ಪದಗಳ ಪಟ್ಟಿ ಹಾಕಿದರೆ ಆ ಪದ ಇರುವ ಕಮೆಂಟ್ ನೀನು ಒಪ್ಪುವ ತನಕ ಹೊರಗೆ ಬರುವುದಿಲ್ಲ. ನಮ್ಮವರು ಬೈಯುವ ಪದಗಳನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಸೇರಿಸು. ಬೆದರಿಕೆಗೆ ಇಳಿದರೆ ಮನೆಯಲ್ಲಿ ಹೇಳು, cybercrime.gov.in ಜಾಲತಾಣದಲ್ಲಿ ದೂರು ಕೊಡು.