ಸೇಬಿನ ತೋಟಕ್ಕೆ ಹನಿ ನೀರಾವರಿ: ಹಾಕಿದ ದುಡ್ಡು ಹುಟ್ಟುತ್ತಾ?

ಶಿಮ್ಲಾ ಜಿಲ್ಲೆಯ ಕೋಟ್‌ಖಾಯಿಯಲ್ಲಿ ನಿಮ್ಮ ಸ್ನೇಹಿತರು ಒಂದು ಎಕರೆಯ ಹಳೇ ಸೇಬಿನ ಮರ ತೆಗೆದು ಎಂ9 ಎಂಬ ರೂಟ್‌ಸ್ಟಾಕ್‌ನ (ಕಸಿ ಕಟ್ಟುವ ಬೇರಿನ ಗಿಡ) ಗಿಡ್ಡ ಗಿಡ ಹಾಕುತ್ತಿದ್ದಾರೆ. ಹನಿ ನೀರಾವರಿಗೆ ಸಾಲ ಮಾಡಿದರೆ ದುಡ್ಡು ವಾಪಸ್ ಬರುತ್ತಾ ಅಂತ ಕೇಳಿದ್ದೀರಿ. ಆ ಕಡೆ ಕೆಲವು ವರ್ಷ ನೀರಾವರಿ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಬರುತ್ತದೆ. ಆದರೆ ಪೈಪಿಗಿಂತ ಮೊದಲು ಟ್ಯಾಂಕಿನ ಲೆಕ್ಕ ಹಾಕಿ.

ಅಲ್ಲಿನ ಹಳೇ ತೋಟಗಳಿಗೆ ಯಾರೂ ಅಷ್ಟಾಗಿ ನೀರು ಹಾಯಿಸುತ್ತಿರಲಿಲ್ಲ. ಚಳಿಗಾಲದ ಹಿಮ ನಿಧಾನಕ್ಕೆ ಕರಗಿ ಮಣ್ಣಿಗೆ ಇಳಿಯುತ್ತಿತ್ತು, ದೊಡ್ಡ ಮರದ ಬೇರು ಆಳದಿಂದ ಅದನ್ನು ಎಳೆದುಕೊಳ್ಳುತ್ತಿತ್ತು. ಈಗ ಹಿಮ ಕಡಿಮೆ. ಮಳೆ ಸುರಿದರೂ ಇಳಿಜಾರಿನಲ್ಲಿ ಹರಿದು ಹೋಗುತ್ತದೆ. ಎಂ9 ಗಿಡದ ಬೇರಂತೂ ಮೇಲ್ಮೇಲೆ ಇರುತ್ತದೆ. ಹಾಗಾಗಿ ಈ ತೋಟಕ್ಕೆ ನೀರು ಬೇಕೇ ಬೇಕು.

ಯಾವಾಗ ಬೇಕು ಅನ್ನೋದರಲ್ಲೇ ಹಣ ಇರುವುದು. ಏಪ್ರಿಲ್‌ನಲ್ಲಿ ಹೂ ಬಿಟ್ಟ ನಂತರದ ಮೊದಲ ನಾಲ್ಕೈದು ವಾರ ಕಾಯಿಯೊಳಗೆ ಜೀವಕೋಶಗಳ ಸಂಖ್ಯೆ ಹೆಚ್ಚುತ್ತದೆ. ಆಗ ಗಿಡ ಬಾಡಿದರೆ ಆಮೇಲೆ ಎಷ್ಟು ನೀರು ಕೊಟ್ಟರೂ ಕಾಯಿ ಪೂರ್ತಿ ದಪ್ಪ ಆಗುವುದಿಲ್ಲ. ಮಂಡಿಯಲ್ಲಿ ಗಾತ್ರ ನೋಡಿಯೇ ದರ ಕಟ್ಟುತ್ತಾರೆ. ಲಾರ್ಜ್ ಆಗಬೇಕಿದ್ದ ಹಣ್ಣು ‘ಪಿಟ್ಟು’ (ತೀರಾ ಸಣ್ಣ ಗಾತ್ರದ ಹಣ್ಣು) ಆಗಿ ಪೆಟ್ಟಿಗೆ ಸೇರಿದರೆ ಗೊಬ್ಬರ, ಔಷಧಿ, ಕೂಲಿ ಎಲ್ಲಾ ಅಷ್ಟೇ, ಕೈಗೆ ಬರುವ ದುಡ್ಡು ಮಾತ್ರ ತೀರಾ ಕಡಿಮೆ.

ಲೆಕ್ಕ ನೋಡಿ. ಎಕರೆಗೆ 1,000 ಗಿಡ, ಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ 10 ಲೀಟರ್ ಅಂದುಕೊಳ್ಳಿ. ದಿನಕ್ಕೆ 10,000 ಲೀಟರ್ ಆಯಿತು. ಇಷ್ಟನ್ನು ಕೆಳಗಿನ ತೊರೆಯಿಂದ 100 ಮೀಟರ್ ಮೇಲೆತ್ತಲು, ಪಂಪು ಅರ್ಧ ಶಕ್ತಿ ಹಾಳು ಮಾಡಿದರೂ, ಸುಮಾರು 5.5 ಯೂನಿಟ್ ಕರೆಂಟ್ ಸಾಕು. ಅದೇನೂ ಭಾರ ಅಲ್ಲ. ಆದರೆ ತೊರೆಯೇ ಬತ್ತಿದರೆ? 40 ದಿನಕ್ಕೆ 4 ಲಕ್ಷ ಲೀಟರ್ ಕೂಡಿಡಬೇಕು. ಇಳಿಜಾರಿನಲ್ಲಿ ಅಷ್ಟು ದೊಡ್ಡ ಟ್ಯಾಂಕ್ ಕಟ್ಟಿಸುವುದು ಸಣ್ಣ ಖರ್ಚಲ್ಲ. ಹನಿ ಸಾಮಾನಿಗೆ ಸಣ್ಣ ರೈತರಿಗೆ ಕೇಂದ್ರದ ಮಾರ್ಗಸೂಚಿಯಂತೆ ಶೇ 55 ಸಹಾಯಧನ ಇದೆ. ಅದನ್ನೇ ನೋಡಿ ಸುಮ್ನೆ ಪೈಪ್ ಹಾಕಿಸಿ, ಮೇ ತಿಂಗಳಲ್ಲಿ ಖಾಲಿ ಟ್ಯಾಂಕ್ ನೋಡುತ್ತಾ ನಿಂತವರನ್ನು ಕಂಡು ನನಗೆ ಬಹಳ ಸಂಕಟವಾಗಿದೆ. ಗಿಡದ ಬುಡಕ್ಕೆ ಒಣ ಹುಲ್ಲು ಹೊದಿಸಲು ಹೇಳಿ. ಅಗ್ಗದ ಕೆಲಸ, ಟ್ಯಾಂಕಿನ ಗಾತ್ರವೂ ಇಳಿಯುತ್ತದೆ.

ಇನ್ನೊಂದು ಮಾತು. ಸೇಬು ಸರಿಯಾಗಿ ಹೂ ಬಿಡಲು ಚಳಿಗಾಲದಲ್ಲಿ ಸಾಕಷ್ಟು ಚಳಿ ಬೇಕು, ಆ ಕೊರತೆಯನ್ನು ನೀರು ತುಂಬುವುದಿಲ್ಲ. ರಾಯಲ್ ಡೆಲಿಷಿಯಸ್ ತಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು 1,000 ಗಂಟೆಗೂ ಜಾಸ್ತಿ ಬೇಕು. ತೋಟ ಬೆಟ್ಟದ ಕಡಿಮೆ ಎತ್ತರದಲ್ಲಿದ್ದು ಹೂ ಈಗಾಗಲೇ ಏರುಪೇರಾಗುತ್ತಿದ್ದರೆ, ಸಾಲದ ಅರ್ಜಿಗೆ ಮೊದಲು ಕಡಿಮೆ ಚಳಿ ಸಾಕಾಗುವ ತಳಿ ಆರಿಸಲಿ.