ಫ್ರಾನ್ಸಿನ ಬ್ರೆಸ್ಟ್‌ ನಗರದ ನೌಕಾ ಹಡಗುಕಟ್ಟೆಯಲ್ಲಿ ಫಿರಂಗಿಯನ್ನು ಬಾಯಿ ಮೇಲಾಗಿ ನೆಟ್ಟಿರುವುದೇಕೆ?

ಅದು ಫ್ರೆಂಚರು ಅಲ್ಜೀರಿಯಾದ ಇಂದಿನ ರಾಜಧಾನಿ ಅಲ್ಜೀರ್ಸ್‌ನಿಂದ ವಶಪಡಿಸಿಕೊಂಡು ತಂದ ಫಿರಂಗಿ. ಅದನ್ನೇ ಅವರು ವಿಜಯಸ್ತಂಭವನ್ನಾಗಿ ನಿಲ್ಲಿಸಿದ್ದಾರೆ. 16ನೇ ಶತಮಾನದಲ್ಲಿ ಎರಕ ಹೊಯ್ದ, ಸುಮಾರು 12 ಟನ್ ತೂಕದ ಈ ಕಂಚಿನ ಫಿರಂಗಿ 'ಬಾಬಾ ಮರ್ಜೂಗ್' ಎಂಬ ಹೆಸರಿನಿಂದ ಅಲ್ಜೀರ್ಸ್ ಬಂದರನ್ನು ಕಾಯುತ್ತಿತ್ತು. 1683ರಲ್ಲಿ ಫ್ರೆಂಚ್ ನೌಕಾಪಡೆ ಆ ನಗರದ ಮೇಲೆ ದಾಳಿ ಮಾಡಿದಾಗ, ಅಲ್ಲಿದ್ದ ಫ್ರೆಂಚ್ ರಾಯಭಾರಿ ಅಧಿಕಾರಿಯನ್ನು, ಅಂದರೆ ಕಾನ್ಸಲ್‌ನನ್ನು, ನಗರದವರು ಇದರ ಬಾಯಿಗೆ ಕಟ್ಟಿ ಸಿಡಿಸಿದರೆಂದು ಹೇಳುತ್ತಾರೆ. ಫ್ರೆಂಚರು ಇದನ್ನು 'ಕಾನ್ಸುಲೇರ್' ಎಂದು ಕರೆಯುವುದು ಆ ಕಾರಣಕ್ಕೇ. 1830ರಲ್ಲಿ ಅಲ್ಜೀರ್ಸ್ ಅವರ ಕೈಸೇರಿತು, 1833ರಲ್ಲಿ ಫಿರಂಗಿ ಬ್ರೆಸ್ಟ್‌ನಲ್ಲಿ ಕಂಬವಾಗಿ ನಿಂತಿತು.

ಹೀಗೆ ನಿಲ್ಲಿಸಲು ಫಿರಂಗಿಯ ಆಕಾರವೇ ಅನುಕೂಲಕರವಾಗಿದೆ. ಮದ್ದು ಸಿಡಿಯುವ ಹಿಂಬದಿಯಲ್ಲಿ ಒತ್ತಡ ಅತ್ಯಧಿಕವಾದ್ದರಿಂದ ಅಲ್ಲಿ ಲೋಹವನ್ನು ದಪ್ಪವಾಗಿಟ್ಟು, ಬಾಯಿಯತ್ತ ಸಾಗಿದಂತೆ ತೆಳುವಾಗಿಸುತ್ತಾರೆ; ಹಾಗಾಗಿ ಹಿಂಬದಿಯನ್ನು ಕೆಳಗೆ ಮಾಡಿ ನೆಟ್ಟರೆ, ಬುಡ ಅಗಲವಾಗಿ ತುದಿ ಕಿರಿದಾದ ಕಂಬವೊಂದು ತಾನಾಗಿಯೇ ಸಿದ್ಧವಾಗುತ್ತದೆ. ಕಂಚಿಗೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಕಡಲ ಗಾಳಿಗೂ ಅದು ಜಗ್ಗಿಲ್ಲ. ತುದಿಯಲ್ಲಿ ಗೋಳವೊಂದರ ಮೇಲೆ ಕಾಲೂರಿದ ಹುಂಜವಿದೆ; ಹುಂಜ ಫ್ರಾನ್ಸಿನ ಲಾಂಛನವಾದ್ದರಿಂದ ಅದರ ಗರ್ವ ಯಾರಿಗೂ ಅರ್ಥವಾಗುವಂಥದ್ದೇ. ಫಿರಂಗಿಯನ್ನು ಮರಳಿಸಬೇಕೆಂಬ ಬೇಡಿಕೆ ಅಲ್ಜೀರಿಯಾದಲ್ಲಿ ಇದೆ.