ರಾತ್ರಿಯ ಫಿಟ್ಸ್ ಮಾತ್ರೆಯೇ ಯಾಕೆ ತಪ್ಪುತ್ತದೆ?

ಫಿಟ್ಸ್ ತಡೆಯಲು ತಗೊಳ್ಳುವ ಲೆವೆಟಿರಾಸೆಟಮ್ ಮಾತ್ರೆ ಬೆಳಗ್ಗೆ ತಪ್ಪುವುದಿಲ್ಲ, ರಾತ್ರಿಯದ್ದೇ ಮರೆತುಹೋಗುತ್ತದೆ, ತೂಕಡಿಕೆಯೂ ಬರುತ್ತದೆ ಅಂದಿದ್ದೀರಿ. ಇದು ಅಸಡ್ಡೆ ಅಲ್ಲ. ಬೆಳಗಿನ ಮಾತ್ರೆ ಹಲ್ಲುಜ್ಜುವುದು, ತಿಂಡಿ ಅಂತ ಯಾವುದೋ ಕೆಲಸದ ಜೊತೆ ಸೇರಿಕೊಂಡಿರುತ್ತದೆ. ರಾತ್ರಿಯದ್ದಕ್ಕೆ ಅಂಥ ಜೋಡಿ ಇರಲ್ಲ, ಮೇಲೆ ಸುಸ್ತು ಬೇರೆ.

ಮೊದಲು ಏಳು ದಿನಕ್ಕೂ ಬೆಳಗ್ಗೆ, ರಾತ್ರಿ ಬೇರೆ ಬೇರೆ ಖಾನೆ ಇರುವ ಮಾತ್ರೆ ಡಬ್ಬಿ ತನ್ನಿ. ಅಲಾರಂಗಿಂತ ಇದೇ ಜಾಸ್ತಿ ಉಪಯೋಗ ಅನ್ನುವುದು ನನ್ನ ಅನುಭವ. ಅಲಾರಂ ಆಫ್ ಮಾಡಿ 'ಆಮೇಲೆ ತಗೊಂಡರಾಯ್ತು' ಅಂತೀವಿ, ಅರ್ಧ ಗಂಟೆ ಬಿಟ್ಟು 'ತಗೊಂಡೆನಾ, ಇಲ್ವಾ?' ಅಂತ ತಲೆ ಕೆರೆದುಕೊಳ್ಳುತ್ತೇವೆ. ಖಾನೆ ನೋಡಿದರೆ ಗೊತ್ತಾಗುತ್ತದೆ.

ಆಮೇಲೆ ಅಲಾರಂ ಅನ್ನು ಮಲಗುವ ಹೊತ್ತಿಗಲ್ಲ, ಊಟದ ಹೊತ್ತಿಗೆ ಇಡಿ. ಮಾತ್ರೆ ನುಂಗಿದ ಮೇಲೇ ಆಫ್ ಮಾಡಿ. ಬ್ಯಾಗಿನಲ್ಲೂ ಒಂದು ಡೋಸ್ ಇರಲಿ.

ಆದರೂ ತಪ್ಪಿದರೆ, ನೆನಪಾದ ತಕ್ಷಣ ತಗೊಳ್ಳಿ. ಮುಂದಿನ ಡೋಸ್ ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಎರಡನ್ನೂ ಒಟ್ಟಿಗೆ ನುಂಗಬೇಡಿ. ಹತ್ತಿರ ಅಂದರೆ ಎಷ್ಟು ಗಂಟೆ ಅನ್ನುವುದು ಔಷಧಿ ಮೇಲೆ ಹೋಗುತ್ತದೆ, ಡಾಕ್ಟರನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ನಿಮ್ಮ ತೂಕಡಿಕೆ ಮಾತ್ರೆಯಿಂದಲೇ ಬಂದದ್ದೋ ಏನೋ, ಇಲ್ಲಿಂದ ಹೇಳಲಾಗದು. ಅದಕ್ಕೆ ಹೆದರಿ ಮಾತ್ರೆಯನ್ನು ಬೇಕಂತಲೇ ಬಿಡುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಡೋಸ್ ಅಥವಾ ಔಷಧಿಯನ್ನೇ ಬದಲಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ, ಫಿಟ್ಸ್ ಜೋರಾಗಿ ಮರಳಬಹುದು.